ಕ್ಲೆಮೆಂಟ್ ಕೊಟ್ಟ ಕ್ಷಮೆ

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ದಡ್ಡರು ಎಲ್ಲ ಊರಲ್ಲೂ ಇದ್ದಾರೆ. ಕ್ಲೆಮೆಂಟ್ ಅಂಥವನಲ್ಲ. ಇಪ್ಪತ್ತೆರಡು ವರ್ಷ ಹೆಗಲನ್ನು ಒಂದಿಂಚು ಅಲ್ಲಾಡಿಸದೆ ಕುಳಿತಿದ್ದ ಮಹಾಶಯ ಅವನು, ಅದೂ ಕೊನೆಕೊನೆಗೆ ಕ್ಲಬ್ಬಿನ ಅಧ್ಯಕ್ಷರ ಕುರ್ಚಿಯಲ್ಲೇ.

ಬಹ್ರೇನಿನಲ್ಲಿರುವ ನಮ್ಮ ಕರಾವಳಿಯವರ ಕ್ರಿಕೆಟ್ ಕ್ಲಬ್ಬಿಗೆ ಮೂವತ್ತು ವರ್ಷ ತುಂಬಿತ್ತು. ಹಾಲಿನ ಒಂದು ಗೋಡೆಯ ಮೇಲೆ ಹಳೆಯ ದೊಡ್ಡ ಆಟಗಾರರ ಫೋಟೊ ಹಾಕಿ ಗೌರವಿಸುವುದೆಂದು ತೀರ್ಮಾನವಾಯಿತು. ಮೊದಲ ಫೋಟೊ ಹಳೆಯ ಕ್ಯಾಪ್ಟನ್ ಕ್ಲೆಮೆಂಟನದೇ, ಅದಕ್ಕೆ ಯಾರ ತಕರಾರೂ ಇರಲಿಲ್ಲ. ಗಲಾಟೆ ಎದ್ದದ್ದು ರೊನಾಲ್ಡನ ಹೆಸರು ಬಂದಾಗ.

ಇವರದು ಟೆನಿಸ್ ಚೆಂಡಿನ ಆಟ. ಹೊಸ ಚೆಂಡಿನ ಒಂದು ಬದಿಯ ರೋಮವನ್ನು ಉಜ್ಜಿ ತೆಗೆದರೆ ಅದು ಪುಟಿಯದೆ ಜಾರಿಕೊಂಡು ಬರುತ್ತದೆ, ಬ್ಯಾಟು ಬೀಸುವವನು ಕಕ್ಕಾಬಿಕ್ಕಿ. ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಫೈನಲ್ಲಿನಲ್ಲಿ ಅಂಪೈರ್ ಅಂಥದೊಂದು ಚೆಂಡನ್ನು ಎತ್ತಿ ಹಿಡಿದು ಇದು ಯಾರ ಕೆಲಸ ಎಂದಾಗ, ಬೌಲರ್ ರೊನಾಲ್ಡ್ ಕೈ ಎತ್ತಿದ್ದ. ಆಮೇಲೆ ಅವನು ಮೈದಾನಕ್ಕೆ ಇಳಿಯಲಿಲ್ಲ, ಇಳಿಯಲು ಯಾರೂ ಬಿಡಲೂ ಇಲ್ಲ.

ಕಮಿಟಿಯಲ್ಲಿ ಆನ್ಸನ್ ರೊನಾಲ್ಡನ ಪರ ನಿಂತ. ಅದಕ್ಕೂ ಮೊದಲು ಎಂಟು ವರ್ಷ ಅವನು ಕಿತ್ತ ವಿಕೆಟುಗಳು ಸುಳ್ಳೇ ಎಂದು ಕೇಳಿದ. ಮರ್ವಿನ್ ಒಪ್ಪಲಿಲ್ಲ. ಗೋಡೆ ಇರುವುದು ನಾಳೆಯ ಮಕ್ಕಳು ನೋಡಲಿಕ್ಕೆ, ಮೋಸಗಾರನನ್ನು ತೋರಿಸಿ ಅವರಿಗೆ ಏನು ಹೇಳುವುದು ಎಂದ. ಕಾರ್ಯದರ್ಶಿ ಸ್ವೀಡಲ್, ಕ್ಲೆಮೆಂಟನ ಮಗಳು, ಡಿಪ್ಲೊಮ್ಯಾಟಿಕ್ ಏರಿಯಾದ ಬ್ಯಾಂಕಿನಲ್ಲಿ ಕೆಲಸ ಮಾಡುವವಳು, ಖಡಾಖಂಡಿತವಾಗಿ ಹೇಳಿದಳು: "ಕದ್ದ ವಿಕೆಟ್ ವಿಕೆಟೇ ಅಲ್ಲ. ಇದು ಡ್ಯಾಡಿಯೇ ನನಗೆ ಕಲಿಸಿದ್ದು."

ಕ್ಲೆಮೆಂಟನ ಕಿವಿ ಬಿಸಿಯಾಯಿತು. ಆಗದೆ ಏನು? ಆ ಚೆಂಡನ್ನು ಉಜ್ಜಿದವನು ಅವನೇ. ಮೀನಾ ಸಲ್ಮಾನ್ ಬಂದರಿನ ವರ್ಕ್‌ಶಾಪಿನಲ್ಲಿ, ಮಧ್ಯಾಹ್ನದ ಬಿಡುವಿನಲ್ಲಿ, ತುಕ್ಕು ತೆಗೆಯುವ ಎಮರಿ ಕಾಗದದಿಂದ. ಫೈನಲ್ ದಿನ ಅವನ ಕಂಪನಿಯ ಅರಬಾಬೇ, ಅಂದರೆ ಮಾಲೀಕನೇ, ಮುಖ್ಯ ಅತಿಥಿಯಾಗಿ ಎದುರಿಗೆ ಕುಳಿತಿದ್ದ; ಗೊತ್ತಾದರೆ ಕೆಲಸ ಹೋಗುವುದು ಖಚಿತ. ಹೆಂಡತಿ ರೋಜಿಯ ತೊಡೆಯ ಮೇಲೆ ಒಂದು ವರ್ಷದ ಸ್ವೀಡಲ್ ಇದ್ದಳು. ಅಂಪೈರ್ ಕೇಳಿದಾಗ ಕ್ಲೆಮೆಂಟ್ ತಲೆ ತಗ್ಗಿಸಿದ. ರೊನಾಲ್ಡ್ ಆ ಮಗುವನ್ನು ನೋಡಿದ, ಕೈ ಎತ್ತಿದ. ಮುಂದಿನ ಶುಕ್ರವಾರ ಎಲ್ಲರೆದುರು ನಿಜ ಹೇಳುತ್ತೇನೆಂದು ಕ್ಲೆಮೆಂಟ್ ಅವನ ಕೈ ಹಿಡಿದು ಮಾತು ಕೊಟ್ಟಿದ್ದ. ಎಷ್ಟು ಶುಕ್ರವಾರಗಳು ಹೋದವೋ ಲೆಕ್ಕವಿಲ್ಲ.

ಈಗಲಾದರೂ ಹೇಳಬಹುದಿತ್ತಲ್ಲ! ಹೇಳಲಿಲ್ಲ. ಗಂಟಲು ಸರಿಮಾಡಿಕೊಂಡು, "ಮನುಷ್ಯ ಅಂದ ಮೇಲೆ ತಪ್ಪು ಉಂಟು. ನಾವು ಕ್ಷಮಿಸುವ," ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರದು ಎಂಥ ದೊಡ್ಡ ಮನಸ್ಸು ಎಂದು ಮರ್ವಿನ್ ಕೂಡ ತಲೆದೂಗಿದ. ಕ್ಲೆಮೆಂಟನಿಗೆ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು, ಆದರೂ ಕೈ ಮುಗಿದು ಚಪ್ಪಾಳೆಯನ್ನು ಸ್ವೀಕರಿಸಿದ.

ಸನ್ಮಾನದ ಕಾಗದವನ್ನು ಮನೆಗೇ ಹೋಗಿ ಕೈಯಲ್ಲಿ ಕೊಡುವುದು ಕ್ಲಬ್ಬಿನ ರೂಢಿ. ಆ ಶುಕ್ರವಾರ ಬೆಳಿಗ್ಗೆ ಅಪ್ಪ ಮಗಳು ಸಿತ್ರಾದಲ್ಲಿದ್ದ ರೊನಾಲ್ಡನ ಮನೆಗೆ ಹೋದರು. ರೊನಾಲ್ಡ್ ಪಾಳಿ ಮುಗಿಸಿ ಕಂಪನಿ ಬಸ್ಸಿನಿಂದ ಆಗಷ್ಟೇ ಇಳಿದು ಬಂದಿದ್ದ. ಸ್ವೀಡಲ್ ಸಂತೋಷದಿಂದ ಎಲ್ಲವನ್ನೂ ಹೇಳಿದಳು. ತಾನು ಬೇಡವೆಂದದ್ದನ್ನೂ ಮುಚ್ಚಿಡದೆ, ಡ್ಯಾಡಿಯೇ ಕ್ಷಮಿಸುವ ಎಂದದ್ದನ್ನೂ ಹೇಳಿದಳು.

ರೊನಾಲ್ಡ್ ಕ್ಲೆಮೆಂಟನ ಮುಖವನ್ನೇ ನೋಡಿದ. "ನೀನು ನನ್ನನ್ನು ಕ್ಷಮಿಸಿದ್ದಾ?" ಎಂದು ಮೆಲ್ಲಗೆ ಕೇಳಿದ. ಕ್ಲೆಮೆಂಟ್ ಕೈಗಡಿಯಾರದ ಪಟ್ಟಿ ಸರಿಮಾಡಿಕೊಂಡ. ರೊನಾಲ್ಡ್ ಗೋಡೆಗೆ ಬೇಕಾದ ಹಳೆಯ ಫೋಟೊ ಹುಡುಕಲು ಸ್ವೀಡಲಳನ್ನು ಒಳಕೋಣೆಗೆ ಕರೆದುಕೊಂಡು ಹೋದ.

ಅವನ ಹೆಂಡತಿ ವಾಯೊಲೆಟ್ ಚಹಾ ತಂದಳು, ಜೊತೆಗೆ ಕ್ರಿಸ್ಮಸ್ಸಿನಲ್ಲಿ ಉಳಿದ ಕುಸ್ವಾರ್. ಹಬ್ಬಕ್ಕೆ ಮನೆಯಲ್ಲೇ ಮಾಡಿ ಬೇಕಾದವರ ಮನೆಗೆಲ್ಲ ತಟ್ಟೆಯಲ್ಲಿ ಹಂಚುವ ತಿಂಡಿ ಅದು. ಕ್ಲೆಮೆಂಟನ ಮನೆಗೆ ಅವಳ ತಟ್ಟೆ ಪ್ರತಿ ವರ್ಷ ತಪ್ಪದೆ ಬರುತ್ತಿತ್ತು. ಪಾಪ, ಇವಳಿಗೆ ಏನೂ ಗೊತ್ತಿಲ್ಲ ಎಂದುಕೊಂಡೇ ಅವನು ಅಷ್ಟು ವರ್ಷ ತಿಂದಿದ್ದ.

"ಮದುವೆಗೆ ಮೊದಲೇ ಇವರು ನನಗೆ ಹೇಳಿದ್ರು," ಎಂದಳು ವಾಯೊಲೆಟ್, ತಟ್ಟೆಯನ್ನು ಅವನ ಕಡೆ ಸರಿಸುತ್ತಾ. "ಚೆಂಡು ಉಜ್ಜಿದ್ದು ಯಾರು ಅಂತ. ನೀವೇ ಒಂದು ದಿನ ಬಂದು ಹೇಳ್ತೀರಿ, ಅಲ್ಲಿಯವರೆಗೆ ತಟ್ಟೆ ನಿಲ್ಲಿಸಬೇಡ ಅಂದಿದ್ರು. ತಗೊಳ್ಳಿ."

ಅವನು ತೆಗೆದುಕೊಂಡ. ಕರಿದ ಕಡುಬಿನಂಥ ನೆವ್ರಿಯ ತುಂಡು ಬಾಯಲ್ಲಿ ಹಾಗೇ ಉಳಿಯಿತು, ಅಗಿಯಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಇಪ್ಪತ್ತು ಕ್ರಿಸ್ಮಸ್! ಭೂಮಿ ಬಾಯಿಬಿಟ್ಟಿದ್ದರೆ ಚಹಾದ ಲೋಟದ ಸಮೇತ ಇಳಿದುಬಿಡುತ್ತಿದ್ದ.

ಸ್ವೀಡಲ್ ಫೋಟೊ ಹಿಡಿದು ಹೊರಗೆ ಬಂದಳು, ಹಿಂದೆಯೇ ರೊನಾಲ್ಡ್. ಕ್ಲೆಮೆಂಟ್, ರೊನಾಲ್ಡ್ ಇಬ್ಬರೂ ಹೆಗಲ ಮೇಲೆ ಕೈಹಾಕಿ ನಿಂತ ಪಟ. ಇದೇ ಚಂದ, ಇಬ್ಬರನ್ನೂ ಒಟ್ಟಿಗೆ ಹಾಕೋಣ ಎಂದಳು.

"ಸ್ವೀಡಲ್," ಎಂದ ಕ್ಲೆಮೆಂಟ್. ಸ್ವರ ಅವನದೇ ಎಂದು ಅನ್ನಿಸಲಿಲ್ಲ. "ಆ ಚೆಂಡು ಉಜ್ಜಿದ್ದು ನಾನು. ಇವನಲ್ಲ."

ಅವಳು ಅಪ್ಪನನ್ನು ನೋಡಲಿಲ್ಲ, ರೊನಾಲ್ಡನನ್ನು ನೋಡಿದಳು. ಅವನು ಇಲ್ಲ ಎನ್ನಲಿಲ್ಲ. ಸ್ವೀಡಲ್ ಚೀಲದಿಂದ ಪೆನ್ನು ತೆಗೆದು, ಸನ್ಮಾನದ ಕಾಗದದಲ್ಲಿ 'ಮಾಲಾರ್ಪಣೆ: ಅಧ್ಯಕ್ಷರಾದ ಶ್ರೀ ಕ್ಲೆಮೆಂಟ್ ಅವರಿಂದ' ಎಂಬಲ್ಲಿ ಅಪ್ಪನ ಹೆಸರಿನ ಮೇಲೆ ಗೀಟು ಎಳೆದಳು.

"ಆಂಟಿ, ಅಂಕಲ್‌ಗೆ ಮಾಲೆ ನೀವು ಹಾಕ್ತೀರಾ?" ಎಂದು ಕೇಳಿದಳು.

ವಾಯೊಲೆಟ್ ಹೂಂ ಎಂದಳು. ರೊನಾಲ್ಡ್ ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡ. ಕ್ಲೆಮೆಂಟ್ ಅರ್ಧ ತಿಂದ ನೆವ್ರಿಯನ್ನು ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತ. ಕುಳಿತುಕೋ ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ.