ನಡುವಿನ ಅರಿಸಿನ

ಹೆಣೆಯುವ ಕೊಕ್ಕೆಕಡ್ಡಿ ಮತ್ತೆ ಸಿಕ್ಕಿಕೊಂಡಿತು, ಬಟ್ಟೆಯ ಪಟ್ಟಿಗೆ ಪಟ್ಟಿ ಗಂಟು ಹಾಕಿದ ಕಡೆಯೆಲ್ಲ ಹೀಗೇ, ಹೆಬ್ಬೆರಳಿನಿಂದ ಒತ್ತಿ ದಾಟಿಸಬೇಕು, ದಾಟಿತು, ಒಂದು ಕುಣಿಕೆ, ಎರಡು, ಹಸಿರು, ಹಸಿರು, ಗಂಟಿನ ಹತ್ತಿರ ಸೀರೆ ಅಂಚಿನ ಕೆಂಪು — ಹೇಮಾ, ಅಟ್ಟದ ಮ್ಯಾಲಿನ ಗಂಟು ಇಳಿಸವ್ವ, ಒಂದ್ಸಲ ಬಿಸ್ಲು ತೋರಿಸ್ಬೇಕು ಅದಕ್ಕೆ — ಅತ್ತೆ ಬೆಳಿಗ್ಗೆಯಿಂದ ಮೂರನೇ ಸಲ ಹೇಳುತ್ತಿದ್ದಾರೆ, ಇದೊಂದು ಸುತ್ತು ಮುಗಿಸಿ ಇಳಿಸ್ತೀನಿ ಅತ್ತೆ ಎಂದು ನಾನೂ ಮೂರನೇ ಸಲ ಹೇಳಿದೆ. ಇಳಿಸಲು ಅಟ್ಟದಲ್ಲಿ ಏನೂ ಇಲ್ಲ. ಆ ಗಂಟಿನಲ್ಲಿದ್ದ ಸೀರೆ ನನ್ನ ತೊಡೆಯ ಮೇಲಿದೆ, ಊಟದ ತಟ್ಟೆಯಷ್ಟು ಅಗಲದ ದುಂಡು ಹಾಸಾಗಿ, ಉಳಿದದ್ದು ಪಟ್ಟಿಯ ಉಂಡೆಯಾಗಿ ಕಾಲ ಬಳಿ. ಅವರು ನ್ಯಾಮತಿಗೆ ಮಗಳ ಮನೆಗೆ ಹೋಗಿದ್ದ ಹದಿನೈದು ದಿನದಲ್ಲಿ ನಾನು ಅಟ್ಟ ಗುಡಿಸಿದೆ, ಹಳೇ ಬಟ್ಟೆ ಆರಿಸಿದೆ, ಹರಿದ ಪಂಚೆ, ನನ್ನ ಮಗಳು ಮೇಘಶ್ರೀಯ ಬಣ್ಣ ಹೋದ ಚೂಡಿದಾರ, ಇದು — ಹರಕು ದುಪ್ಪಟಿಯಲ್ಲಿ ಸುತ್ತಿತ್ತು, ಒಳ್ಳೆಯದನ್ನು ಯಾರಾದರೂ ಹರಕಿನಲ್ಲಿ ಸುತ್ತುತ್ತಾರೆಯೇ, ಯಾರ ಕಣ್ಣಿಗೂ ಬೀಳಬಾರದೆಂದು ಸುತ್ತುತ್ತಾರೆ, ಇವತ್ತು ಗೊತ್ತಾಯಿತು. ಸೆರಗಿನ ಮೂಲೆಯಲ್ಲಿ ಹಳದಿ ಇತ್ತು. ಸಾರು ಚೆಲ್ಲಿದ ಕಲೆ ಅಂದುಕೊಂಡೆ. ಹೊಸ ಬಟ್ಟೆ ಎಂದರೆ ಮೂಲೆಗೆ ಅರಿಸಿನ ಹಚ್ಚದೆ ಮೈಗೆ ಹಾಕದವಳು ನಾನು, ಮೇಘಶ್ರೀಯ ಕಾಲೇಜು ಬ್ಯಾಗಿಗೂ ಹಚ್ಚಿದವಳು, ನನ್ನ ಕಣ್ಣಿಗೆ ಅದು ಸಾರಾಗಿ ಕಂಡಿತು. ಆ ಮೂಲೆಯಿಂದಲೇ ಕತ್ತರಿ ಹಾಕಿದೆ, ಆ ಪಟ್ಟಿಯಿಂದಲೇ ಮೊದಲ ಕುಣಿಕೆ ತೆಗೆದೆ, ಈಗ ಅದು ನಡುವಿನಲ್ಲಿದೆ.

ಬಿಚ್ಚಬಹುದು, ಎಳೆದರೆ ಸರಸರ ಬಿಚ್ಚುತ್ತದೆ, ಆದರೆ ಬಿಚ್ಚಿದರೆ ಪಟ್ಟಿ ಬರುತ್ತದೆ, ಸೀರೆ ಬರುವುದಿಲ್ಲ. ನಮ್ಮಣ್ಣ ಕೊಟ್ಟದ್ದು, ನಾನು ಹೋಗುವಾಗ ಅದನ್ನೇ ಉಡಿಸ್ರಿ, ಮರೀಬ್ಯಾಡ್ರಿ — ಕಾಫಿ ಕುಡಿಯುತ್ತ ಅತ್ತೆ ಇವತ್ತು ಹೇಳಿದರು, ಮಾರುಕಟ್ಟೆಯ ಮಾತು ಹೇಳುವ ಹಾಗೆ. ಕೊನೆಯ ಸೀರೆ ತವರಿನದೇ ಆಗಬೇಕು. ಅತ್ತೆಯ ಅಣ್ಣ, ತ್ಯಾವಣಿಗೆಯ ಮುರುಗೇಶಪ್ಪ ಮಾವ, ತೀರಿಹೋಗಿ ಎರಡು ವರ್ಷ, ಅಲ್ಲಿ ಇನ್ನು ಕೊಡುವವರಿಲ್ಲ. ಅಂಗಡಿಯಲ್ಲಿ ಇಂಥದ್ದೇ ಸಿಗಬಹುದು, ಹಸಿರು, ಕೆಂಪಂಚು, ಮೂಲೆಗೆ ನಾನೇ ಅರಿಸಿನ ಹಚ್ಚಿ ಹರಕಿನಲ್ಲಿ ಸುತ್ತಿಟ್ಟರೆ ಯಾರಿಗೆ ತಿಳಿಯುತ್ತದೆ — ನನಗೆ ತಿಳಿಯುತ್ತದೆ, ಅವತ್ತು ಉಡಿಸುವವಳು ನಾನೇ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುತ್ತೇವೆ, ನನ್ನ ಮಾವನವರನ್ನು ಕೂರಿಸಿದಾಗ ತಲೆ ಒಂದು ಕಡೆ ವಾಲುತ್ತಿತ್ತು, ಅತ್ತೆ ಅಳದೆ ಎದ್ದು ಹೋಗಿ ದಿಂಬು ತಂದಿದ್ದರು. ಹೇಳಿಬಿಡಬೇಕು. ಒಂದು ಕುಣಿಕೆ, ಎರಡು — ಅತ್ತೆ, ಗಂಟು ಅಟ್ಟದಾಗಿಲ್ಲ, ಹಳೇದು ಅಂತ ತಿಳಕೊಂಡು ಕತ್ತರಿಸಿಬಿಟ್ಟೆ, ಇದೇ ಅದು — ನನ್ನ ದನಿಯೇ, ಹೇಳಿಯೇಬಿಟ್ಟಿತು. ಬೀದಿಯಲ್ಲಿ ಶಿವಮೊಗ್ಗದ ಬಸ್ಸು ಹಾರ್ನ್ ಹಾಕಿತು. ಅತ್ತೆ ಕೈ ಚಾಚಿದರು, ಕಡ್ಡಿಯ ಸಮೇತ ಕೊಟ್ಟೆ, ಪೊರೆ ತೆಗೆಸಿದ ಕಣ್ಣಿನ ಹತ್ತಿರ ಹಿಡಿದರು, ಅಂಚಿನಿಂದ ಒಳಗೆ, ಸುತ್ತು ಸುತ್ತಾಗಿ ಬೆರಳು ಹೋಯಿತು, ನಡುವಿಗೆ ಬಂದು ನಿಂತಿತು. ಎದಕ್ಕೆ ಮಾಡ್ತಿದ್ದೆ ಇದನ್ನ — ಬಿಂದಿಗೆ ಇಡಾಕೆ ಅತ್ತೆ — ಉಂಡೆ ಇನ್ನೂ ಐತಲ್ಲ — ಐತೆ — ಹಂಗಾದ್ರೆ ಇನ್ನೂ ಅಗಲ ಮಾಡು, ನನ್ನ ಕೂರಿಸಾಕೆ ಸಾಲ್ಬೇಕು. ಹಾಸು ನನ್ನ ತೊಡೆಗೆ ವಾಪಸು ಬಂತು. ಕಡ್ಡಿ ಹಿಡಿದಿದ್ದೇನೆ. ಮುಂದಿನ ಕುಣಿಕೆ ಎಲ್ಲಿ ಎಂದು ಕಾಣುತ್ತಿಲ್ಲ, ಕಾಣುತ್ತಿರುವುದು ನಡುವಿನ ಅರಿಸಿನ, ಅಷ್ಟೇ, ಅರಿಸಿನ