ಗೇಟಿನ ಮೇಲೆ ಐದು ಮುಖ

ಸೈಕಲ್ಲಿನ ಬೆಲ್ಲು ಹೊಡೆಯಬೇಕಿತ್ತೋ, ಹೊಡೆಯಬಾರದಿತ್ತೋ? ಹೊಡೆಯದೆ ಹೋಗಿದ್ದರೆ ಹೆಣ್ಣುಮಕ್ಕಳು ಕೂತಲ್ಲೇ ಸಿಕ್ಕಿಬೀಳುತ್ತಿದ್ದರು. ಹೊಡೆದದ್ದಕ್ಕೆ ಎದ್ದು ನಿಂತರು, ಮುಖಕ್ಕೆ ಮುಖ ಸಿಕ್ಕಿದರು. ಆಫೀಸಿನ ದೊಡ್ಡ ಪರದೆಯ ಮುಂದೆ ಕೈಕಟ್ಟಿ ನಿಂತ ದೊಡ್ಡಹನುಮಯ್ಯನಿಗೆ ಯಾವುದು ಕಡಿಮೆ ಪಾಪ ಎಂಬುದು ಹೊಳೆಯಲಿಲ್ಲ.

“ಇವ್ನು ವಾಚ್‌ಮನ್ ಅಲ್ಲ ಕಣ್ಲಾ, ಡ್ರಿಲ್ ಮೇಷ್ಟ್ರು,” ಎಂದ ಸೂಪರ್‌ವೈಸರ್ ಚಿರಂಜೀವಿ, ಪಕ್ಕದ ಕುರ್ಚಿಯವನಿಗೆ. “ಟ್ರಿಣ್ ಅಂದ್ರೆ ಸಾಕು, ಐದೂ ಜನ ಅಟೆನ್ಷನ್.”

ಪಕ್ಕದವನು ನಕ್ಕು, ವಿಡಿಯೋ ಇನ್ನೊಮ್ಮೆ ಹಾಕಿದ. ಬೆಲ್ಲಿನ ಸದ್ದು ಮತ್ತೆ ಕೇಳಿಸಿತು. ಜಾಲಿ ಪೊದೆ, ಕೈಯಲ್ಲಿ ಚೊಂಬು, ಅವಸರದಲ್ಲಿ ಸರಿಮಾಡಿಕೊಂಡ ಸೆರಗು. ಎಡದಿಂದ ಮೂರನೆಯವಳು ದೊಡ್ಡಹನುಮಯ್ಯನ ಸೊಸೆ ಅಶ್ವಿನಿ.

ಕೊಡಿಗೇನಹಳ್ಳಿ ಕಡೆಯ ಈ ಸೋಲಾರ್ ಪ್ಲಾಂಟಿಗೆ ಚಿರಂಜೀವಿಯ ಅಪ್ಪ ನಲವತ್ತು ಎಕರೆ ಗುತ್ತಿಗೆ ಕೊಟ್ಟಿದ್ದ. ಆ ಹೊಲದಲ್ಲಿ ತಲೆಮಾರುಗಳಿಂದ ಕೂಲಿ ಮಾಡಿದ ಕೇರಿಗೆ ದಕ್ಕಿದ್ದು ಒಂದೇ ಕೆಲಸ: ಬೆಳಿಗ್ಗೆ, ಸಂಜೆ ಸೈಕಲ್ಲಿನಲ್ಲಿ ಬೇಲಿ ಸುತ್ತುವುದು. ಸುತ್ತಿದನೋ, ಮರದಡಿ ಮಲಗಿದನೋ ಎಂದು ನೋಡಲು ದೊಡ್ಡಹನುಮಯ್ಯನ ಎದೆಗೆ ಕ್ಯಾಮೆರಾ ಬಿಗಿದಿದ್ದರು. ಕೇರಿಯ ಹೆಂಗಸರು ಬಯಲಿಗೆ ಹೋಗುತ್ತಿದ್ದ ಹಳ್ಳ ಬೇಲಿಯೊಳಗೆ ಸೇರಿತ್ತು. ಉಳಿದದ್ದು ಬೇಲಿಯಾಚೆಯ ಜಾಲಿ ಸಾಲು. ಆ ಕಡೆ ಹಾಯುವ ಗಂಡಸು ದೂರದಿಂದಲೇ ಕೆಮ್ಮಬೇಕು, ಇಲ್ಲವೇ ಬೆಲ್ಲು ಹೊಡೆಯಬೇಕು. ಹೆಂಗಸರು ಎದ್ದು ನಿಲ್ಲುತ್ತಾರೆ, ಅವನು ತಲೆ ತಗ್ಗಿಸಿ ದಾಟುತ್ತಾನೆ. ದೊಡ್ಡಹನುಮಯ್ಯನೂ ತಲೆ ತಗ್ಗಿಸಿಯೇ ದಾಟಿದ್ದ. ಎದೆಯ ಮೇಲೂ ಒಂದು ಕಣ್ಣಿದೆ ಎಂಬುದು ನೆನಪಿಗೇ ಬಂದಿರಲಿಲ್ಲ.

“ಪ್ಲಾಂಟ್ನಾಗೆ ಕೇಬಲ್ ಕಳುವಾಗೈತಲ್ಲ, ಕದ್ದೋರು ಇವ್ರೇಯ. ಹೆಸ್ರು ಹೇಳು,” ಎಂದ ಚಿರಂಜೀವಿ.

“ಬಯಲ್ಕಡೀಕೆ ಬಂದಿರೋ ಹೆಣ್ಮಕ್ಳು ಸ್ವಾಮಿ. ಕೈಯಾಗೆ ಚೊಂಬೈತೆ ನೋಡಿ.”

“ಚೊಂಬ್ನಾಗೆ ಏನೈತೆ ಅಂತ ಬಗ್ಗಿ ನೋಡ್ದೇನ್ಲಾ, ಬೋಳಿಮಗನೆ?”

“ಅಳಿಸ್ಬುಡಿ ಸ್ವಾಮಿ. ನಿಮ್ಮನೇಲೂ ಹೆಂಗಸ್ರು...”

ಚಿರಂಜೀವಿ ಎದ್ದ. ಕೈ ಎತ್ತಲಿಲ್ಲ, ಪೆನ್ನಿನ ತುದಿಯಿಂದ ಅವನ ಗದ್ದ ಮೇಲೆತ್ತಿದ.

“ನಮ್ಮನೇಲಿ ಕಕ್ಕಸೈತೆ ಕಣ್ಲಾ. ನಮ್ಮ ಹೆಂಗಸ್ರ ಮಾತು ನಿನ್ ಬಾಯಾಗೆ ಬಂದ್ರೆ ನಾಲ್ಗೆ ಕಿತ್ತಾಕ್ತೀನಿ. ಇದು ಆಗ್ಲೇ ಹೈದ್ರಾಬಾದ್ ಆಫೀಸ್ಗೂ ಹೋಗೈತೆ. ಅವ್ರೂ ನೋಡ್ಕಳ್ಲಿ ಬುಡು.”

ದೊಡ್ಡಹನುಮಯ್ಯ ಪರದೆಗೆ ಬೆನ್ನು ಮಾಡಿ ನಿಂತ.

“ಹೆಸ್ರು ನೀನು ಹೇಳ್ಬೇಡ ಬುಡು. ಈ ಮಕಗಳ್ನ ಗೇಟ್ಗೆ ಅಂಟ್ಸು. ಕೇರಿಯೋರೇ ಬಂದು ಹೆಸ್ರು ಹೇಳ್ತಾರೆ. ಆಗಲ್ಲ ಅಂದ್ರೆ ಸೈಕಲ್ ಬುಟ್ಟು ನಡಿ. ನಾಳೀಕೆ ನಿಮ್ಮೋನೇ ಇನ್ನೊಬ್ಬ ಬಂದು ನಿಂತ್ಕತಾನೆ.”

ನಿಲ್ಲುತ್ತಾನೆ ಎಂದು ಅವನಿಗೂ ಗೊತ್ತಿತ್ತು. ಪ್ರಿಂಟರಿನಿಂದ ಬಂದ ಹಾಳೆಗಳು ಇನ್ನೂ ಬೆಚ್ಚಗಿದ್ದವು. ಗೋಂದು ಬಳಿದು ಒಂದೊಂದಾಗಿ ಅಂಟಿಸಿದ. ಸೊಸೆಯ ಹಾಳೆ ಮಾತ್ರ ಸುಕ್ಕಾಯಿತು. ಅಂಗೈಯಿಂದ ಸವರಿ ನೇರ ಮಾಡಿದ.

ಸಂಜೆಯ ಸುತ್ತು ಮುಗಿಸಿ ಬರುವಷ್ಟರಲ್ಲಿ ಆ ಐವರೂ ಗೇಟಿನ ಮುಂದಿದ್ದರು. ಹಿರಿಯಳಾದ ಮಹಾಲಕ್ಷ್ಮಮ್ಮ ಉಗುರಿನಿಂದ ತನ್ನ ಮುಖವನ್ನು ಕೆರೆದು ಕೀಳುತ್ತಿದ್ದಳು.

“ಬಯಲ್ಗೋದೋರ ಪಟ ಹಿಡ್ದವ್ನಲ್ಲ, ಅವ್ನ ಕೈ ಸೇದೋಗ. ಅಣ್ಣಯ್ಯ, ದಿನಾ ಸುತ್ತೋನು ನೀನು. ಎಲ್ಲಿ ಮಡಗವ್ರೆ ಆ ಹಾಳು ಕ್ಯಾಮ್ರನ?”

ಅವನ ಎದೆಯ ಮೇಲಿರುವುದು ವಾಕಿಟಾಕಿ ಎಂದೇ ಕೇರಿ ತಿಳಿದಿತ್ತು.

“ಹೇಳಿ ಮಾವ,” ಎಂದಳು ಅಶ್ವಿನಿ. ಅತ್ತು ಅವಳ ಕಣ್ಣು ಊದಿತ್ತು.

ದೊಡ್ಡಹನುಮಯ್ಯನ ಕೈ ಎದ್ದು ಬೇಲಿ ಮೂಲೆಯ ಕಂಬವನ್ನು ತೋರಿಸಿತು. ಅದರ ತುದಿಯಲ್ಲಿದ್ದದ್ದು ಬರೀ ದೀಪ.

ಮೊದಲ ಕಲ್ಲು ಮಹಾಲಕ್ಷ್ಮಮ್ಮನದು. ತಪ್ಪಿತು.

“ಲೇ ಅಶ್ವಿನಿ, ದಪ್ಪುಂದು ತಗಳೇ.”

“ವನಜಾಕ್ಷಿ, ನಿನ್ ಗಂಡುಂಗೆ ಹೊಡ್ದಂಗೆ ಹೊಡಿ ಕಣೆ.”

ಯಾರೋ ಕಿಸಕ್ಕನೆ ನಕ್ಕರು. ಬೆಳಗಿನಿಂದ ಮೊದಲ ಸಲ ಆ ಮುಖಗಳಿಗೆ ಜೀವ ಬಂದಿತ್ತು. ಹೆಸರು ಹಿಡಿದು ಕೂಗಿಕೊಳ್ಳುತ್ತ, ಬೈಯುತ್ತ, ದೀಪದ ಗಾಜು ಪುಡಿಯಾಗಿ ಉದುರುವವರೆಗೂ ಕಲ್ಲು ಬೀರಿದರು. ಸೈಕಲ್ ಹಿಡಿದು ಅವರಿಗೆ ಎದುರಾಗಿ ನಿಂತ ದೊಡ್ಡಹನುಮಯ್ಯ ಅಲುಗಲಿಲ್ಲ.

ಕ್ಯಾಮೆರಾ ತನ್ನ ಎದೆಯ ಮೇಲಿದೆ, ಅವರ ಹೆಸರುಗಳನ್ನೂ ಕೇಳಿಸಿಕೊಳ್ಳುತ್ತಿದೆ ಎಂದು ಅವನು ಹೇಳಲೇ ಇಲ್ಲ.