ಹದಿನೇಳು ಮಿಲಿಮೀಟರ್

ಕಾರ್ಖಾನೆಯವರು ನನ್ನನ್ನು ಬರೀ ವರ್ನಿಯರ್ ಎಂದು ಕರೆಯುತ್ತಾರೆ. ನಾನು ಗೇಣುದ್ದದ ಒಂದು ಉಕ್ಕಿನ ಪಟ್ಟಿ. ತುದಿಯಲ್ಲಿ ಕೊಕ್ಕಿನಂಥ ಎರಡು ದವಡೆಗಳಿವೆ. ಒಂದು ಕದಲುವುದಿಲ್ಲ, ಇನ್ನೊಂದು ಪಟ್ಟಿಯ ಮೇಲೆ ಜಾರುತ್ತದೆ. ನಡುವೆ ಏನನ್ನಾದರೂ ಹಿಡಿದರೆ ಅದರ ಅಳತೆ ಹೇಳುತ್ತೇನೆ. ಮಿಲಿಮೀಟರನ್ನು ಐವತ್ತು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನ ವ್ಯತ್ಯಾಸವೂ ನನಗೆ ಕಾಣುತ್ತದೆ. ಅದಕ್ಕಿಂತ ಹೆಚ್ಚಿನದು ನನಗೆ ತಿಳಿಯದು. ಚೆಂದ, ಅಸಹ್ಯ, ಬೇಗ, ತಡ, ಇವು ಯಾವುವೂ ನನ್ನ ಮೈಮೇಲೆ ಕೊರೆದಿಲ್ಲ.

ನನ್ನನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಉಜ್ಜಿ, ಗೆರೆ ಕೊರೆದು ಹುಟ್ಟಿಸಿದ್ದು ಉತ್ತರದ ಯಾವುದೋ ಊರಿನಲ್ಲಿ. ಎಣ್ಣೆ ಕಾಗದದಲ್ಲಿ ಸುತ್ತಿ, ಹಸಿರು ಮಖಮಲ್ಲಿನ ಪೆಟ್ಟಿಗೆಯಲ್ಲಿ ಮಲಗಿಸಿ ಹುಬ್ಬಳ್ಳಿಗೆ ಕಳಿಸಿದರು. ಕೊಂಡವನು ಮೌನೇಶಪ್ಪ ಬಡಿಗೇರ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರ್ಖಾನೆಯಲ್ಲಿ, ಕಬ್ಬಿಣವನ್ನು ತಿರುಗಿಸಿ ಹೆರೆದು ಅಳತೆಗೆ ತರುವ ಲೇಥ್ ಯಂತ್ರ ನಡೆಸುತ್ತಿದ್ದವನು. ಬೆಳಿಗ್ಗೆ ಯಂತ್ರಕ್ಕೆ ಕೈ ಮುಗಿದ ಮೇಲೆ ಅವನು ಮಾಡುತ್ತಿದ್ದ ಮೊದಲ ಕೆಲಸ ನನ್ನ ಬಾಯಿ ಮುಚ್ಚುವುದು. ಎರಡು ದವಡೆಯೂ ಕೂಡಿದಾಗ ಗೆರೆ ಸೊನ್ನೆಗೆ ಬಂದು ನಿಂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದ.

"ಝೀರೋ ತಪ್ಪಿದ್ರ ದಿನಾ ಪೂರ್ತಿ ತಪ್ಪಪಾ" ಎನ್ನುತ್ತಿದ್ದ, ಯಾರು ಕೇಳಲಿ ಬಿಡಲಿ.

ಹನ್ನೊಂದು ವರ್ಷ ಅವನ ಕೈಯಲ್ಲಿದ್ದೆ. ಕಣ್ಣಿಗೆ ಪೊರೆ ಬಂದು ನನ್ನ ಗೆರೆಗಳು ಅವನಿಗೆ ಕಾಣದಾದಾಗ ನನ್ನನ್ನು ತನ್ನ ಶಿಷ್ಯ ಯಮನೂರಪ್ಪನ ಕೈಗಿಟ್ಟ. ತಾನು ಮಾತ್ರ ಕಾರ್ಖಾನೆ ಬಿಡಲಿಲ್ಲ. ದಿನಾ ಬಂದು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು, ಲೇಥಿನ ಸದ್ದು ಕೇಳಿಯೇ ಯಾರ ಟೂಲು ಮೊಂಡಾಗಿದೆ ಎಂದು ಹೇಳುತ್ತಿದ್ದ.

ಯಮನೂರನಿಗೆ ಆಗ ಇಪ್ಪತ್ನಾಲ್ಕು. ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವನು. ಶಾಲೆಯಲ್ಲಿ ತಲೆಗೆ ಹತ್ತದ ದಶಾಂಶವನ್ನು ನನ್ನ ಮೈಮೇಲೆ ಎಂಟೇ ದಿನದಲ್ಲಿ ಕಲಿತ. ಕೆಲಸ ಚೊಕ್ಕ, ಸಿಟ್ಟು ಮೂಗಿನ ತುದಿಯಲ್ಲಿ. ಸಾಮಾನು ಕೆಟ್ಟರೆ ಸಾಮಾನಿಗೂ ಬೈಯುತ್ತಿದ್ದ, ಲೇಥಿಗೂ ಬೈಯುತ್ತಿದ್ದ. ಆದರೆ ನನ್ನನ್ನು ಒಮ್ಮೆಯೂ ಎಸೆಯಲಿಲ್ಲ.

ಅಲ್ಲಿ ನನಗಿದ್ದ ಮರ್ಯಾದೆಯ ಬಗ್ಗೆ ಹೇಳಬೇಕು. ನನಗೆ ಮಖಮಲ್ಲಿನ ಹಾಸಿಗೆ, ದಿನಾ ಎರಡು ಹನಿ ಎಣ್ಣೆ, ವರ್ಷಕ್ಕೊಮ್ಮೆ ತಪಾಸಣೆ, ತಪಾಸಣೆಗೆ ಸರ್ಟಿಫಿಕೇಟು. ನನ್ನನ್ನು ಹಿಡಿಯುವವರ ಕಾಲಿಗೆ ಎರಡು ಪಾಳಿಗೆ ಸೇರಿ ಒಂದೇ ಜೊತೆ ಬೂಟು. ಬೆಳಗಿನವನು ಬಿಚ್ಚಿದ ಕೂಡಲೇ ಮಧ್ಯಾಹ್ನದವನು ಹಾಕಿಕೊಳ್ಳಬೇಕು. ಕಬ್ಬಿಣ ಕಾಯದಿರಲೆಂದು ಲೇಥಿಗೆ ಬಿಡುವ ಬಿಳಿ ನೀರು ಸಿಡಿದು ಬೂಟಿನೊಳಗೆ ಇಳಿದು, ಅಲ್ಲೇ ಬೆವರಿನ ಜೊತೆ ಕೂಡಿ, ಎಂದೂ ಒಣಗುತ್ತಿರಲಿಲ್ಲ. ನಾನು ಮೇಜಿನ ಮೇಲಿಂದ ಕೆಳಗೆ ಬಿದ್ದಾಗಲೆಲ್ಲ ಆ ಬೂಟುಗಳ ಪಕ್ಕದಲ್ಲೇ ಬೀಳುತ್ತಿದ್ದೆ. ನನ್ನನ್ನು ಎತ್ತಿ ಒರೆಸಲು ಮೂರು ಜನ ಓಡಿ ಬರುತ್ತಿದ್ದರು.

ಯಮನೂರನ ಬಲಗಾಲ ಹೆಬ್ಬೆರಳಿನ ಉಗುರು ಹಳದಿಗೆ ತಿರುಗಿದ್ದು ಆ ಬೂಟಿನೊಳಗೆ. ಮೊದಲು ಅಂಚು, ಆಮೇಲೆ ಅರ್ಧ, ಆಮೇಲೆ ಬುಡದವರೆಗೆ. ದಪ್ಪಗಾಯಿತು, ಪುಡಿಪುಡಿಯಾಗಿ ಉದುರತೊಡಗಿತು. ಅವನು ಅರಿಶಿನ ಸುಣ್ಣ ಕಟ್ಟಿದ. ಔಷಧದ ಅಂಗಡಿಯವನು ಕೊಟ್ಟ ಮುಲಾಮು ಹಚ್ಚಿದ. ಒಂದು ದಿನ ಊಟದ ಬಿಡುವಿನಲ್ಲಿ ನುಣುಪು ಅರ ತೆಗೆದುಕೊಂಡು, ಕಬ್ಬಿಣ ಉಜ್ಜಿದ ಹಾಗೆ ಉಗುರನ್ನು ಉಜ್ಜಿದ. ರಕ್ತ ಬಂತು. ಹಳದಿ ಹೋಗಲಿಲ್ಲ.

ಇಷ್ಟಾದರೂ ಸುಮ್ಮನಿರುತ್ತಿದ್ದನೋ ಏನೋ. ಆದರೆ ಶ್ರಾವಣದಲ್ಲಿ ಅವನ ಮದುವೆ ನಿಶ್ಚಯವಾಯಿತು. ಹುಡುಗಿ ನವಲಗುಂದದವಳು, ಹೆಸರು ಕಸ್ತೂರಿ. ಅವಳ ಅಪ್ಪ ಗುರುಶಾಂತಪ್ಪನದು ಹಿಟ್ಟಿನ ಗಿರಣಿ. ಮದುವೆ ಮಾಘದಲ್ಲಿ. ಅವರ ಪದ್ಧತಿಯಲ್ಲಿ ಮಾವನಾಗುವವನು ಅಳಿಯನ ಪಾದವನ್ನು ತಾಟಿನಲ್ಲಿಟ್ಟು, ಎಲ್ಲರೆದುರು, ಬೆರಳು ಬೆರಳು ಮುಟ್ಟಿ ತೊಳೆಯಬೇಕು. ಅಪ್ಪ ಅವ್ವ ಇಲ್ಲದ, ಶಾಲೆ ಮುಗಿಸದ ಹುಡುಗನಿಗೆ ಹೆಣ್ಣು ಕೊಡಲು ಆ ಮನೆಯಲ್ಲಿ ಕೆಲವರಿಗೆ ಮೊದಲೇ ಮನಸ್ಸಿರಲಿಲ್ಲ. ಕಾಲಿನಲ್ಲಿ ರೋಗವಿದೆ ಎಂದರೆ ಮಂಟಪದಲ್ಲೇ ಎದ್ದು ಹೋಗಬಹುದು. ಯಮನೂರನ ತಲೆಯಲ್ಲಿ ಹಗಲೆಲ್ಲ ಅದೇ ತಾಟು, ಅದೇ ಹೆಬ್ಬೆರಳು.

ಕೊನೆಗೆ ಚರ್ಮರೋಗದ ಡಾಕ್ಟರಮ್ಮನೊಬ್ಬರ ಹತ್ತಿರ ಹೋದ. ನಾನು ಅಂಗಿಯ ಜೇಬಿನಲ್ಲಿದ್ದೆ. ಅವರು ಉಗುರಿನ ತುಣುಕು ಕತ್ತರಿಸಿ, ರಕ್ತವನ್ನೂ ತೆಗೆದು ಪರೀಕ್ಷೆಗೆ ಕಳಿಸಿದರು. ನಾಲ್ಕು ದಿನ ಬಿಟ್ಟು ಕರೆದರು.

"ಇದು ಫಂಗಸ್ ನೋಡಪಾ. ಹಳೇ ರೊಟ್ಟಿಗೆ ಬೂಷ್ಟು ಹಿಡೀತದಲ್ಲ, ಹಂಗ. ಮೂರು ತಿಂಗಳು ದಿನಾ ಒಂದು ಗುಳಿಗಿ. ಗುಳಿಗಿ ಲಿವರಿಗೆ ತ್ರಾಸ ಕೊಡಬಾರದು, ಒಂದೂವರೆ ತಿಂಗಳಿಗೆ ಮತ್ತೊಮ್ಮೆ ರಕ್ತ ನೋಡೂಣು. ಹದಿನೈದು ದಿನಕ್ಕೊಮ್ಮೆ ಉಗುರು ನೆನಸಿ ಮುಂದಿಂದು ಕತ್ತರಿಸು. ಬೂಟು ಒಣಗಿದ್ದಿರಬೇಕು, ಮಂದಿದು ಹಾಕೋಬಾರದು."

"ಮೂರು ತಿಂಗಳಿಗೆ ಉಗುರು ಚಲೋ ಆಕ್ಕತೇನ್ರಿ?"

"ಗುಳಿಗಿ ಮೂರು ತಿಂಗಳಿಗೆ ಮುಗೀತದ. ಉಗುರು ಹೊಸದಾಗಿ ಬುಡದಿಂದ ಬರಬೇಕು. ಒಂದು ವರ್ಷ ಅಂತ ತಿಳಕೋ. ಮ್ಯಾಲ ಹೋದ್ರೂ ಹೋಗಬಹುದು."

"ಮಾಘದಾಗ ನನ್ನ ಮದುವಿ ಐತ್ರಿ!"

"ಯಾವ ಮಾಘ?"

"ಈ ಮಾಘರೀ."

"ಹಂಗಾರ ಅರ್ಧ ಉಗುರಿನ ಮ್ಯಾಲ ಮದುವಿ ಆಗು."

ಹೊರಗೆ ಬಂದು ಅವನು ರಸ್ತೆಯಲ್ಲಿ ನಿಂತು ಕೂಗಿದ್ದು ನನ್ನ ಉಕ್ಕಿಗೂ ಕೇಳಿತು. "ನಾಕು ನಿಮಿಷಕ್ಕೊಂದು ಪೀಸ್ ತಗೀತೀನಿ ನಾನು! ಬೆರಳಗಲ ಉಗುರಿಗೆ ವರ್ಷಾನ?"

ಆದರೂ ಗುಳಿಗೆ ನುಂಗಿದ. ಬೂಟಿನ ವಿಷಯಕ್ಕೆ ಮಾಲೀಕನ ಕೋಣೆಗೆ ಹೋಗಿ ಜಗಳವಾಡಿದ. "ನಿಮ್ಮ ವರ್ನಿಯರಿಗೆ ಪೆಟಗಿ ಐತಿ, ನಮ್ಮ ಕಾಲಿಗೆ ಒಣಾ ಬೂಟಿಲ್ಲ" ಎಂದ. ನಾನು ಮಾಲೀಕನ ಸ್ವತ್ತಲ್ಲ, ನನ್ನನ್ನು ಕೊಂಡವನು ಮೌನೇಶಪ್ಪ. ಸಿಟ್ಟಿನಲ್ಲಿ ಅವನಿಗೆ ಅದು ನೆನಪಾಗಲಿಲ್ಲ. ಮಾಲೀಕ ಅವನನ್ನು ಹೊರಗೆ ಕಳಿಸಿದ. ಮರುದಿನ ಯಮನೂರ ಹಳೆ ಬಜಾರಿನಿಂದ ತನ್ನವೇ ಎರಡು ಜೊತೆ ತಂದ. ಒಂದು ಕಾಲಲ್ಲಿದ್ದರೆ ಇನ್ನೊಂದು ಕಾರ್ಖಾನೆಯ ಚಾವಣಿಯ ತಗಡಿನ ಮೇಲೆ ಬಿಸಿಲಿಗೆ ಬಾಯಿ ತೆರೆದು ಕೂತಿರುತ್ತಿತ್ತು.

ಅವನಿಗೆ ಅಳತೆ ಇಲ್ಲದೆ ಯಾವುದರ ಮೇಲೂ ನಂಬಿಕೆ ಬಾರದು. ಹಾಗಾಗಿ ನನ್ನನ್ನು ಹೆಬ್ಬೆರಳಿಗೆ ಹಿಡಿದ. ನನ್ನ ಒಂದು ಮೊನೆ ಉಗುರಿನ ತುದಿಗೆ, ಇನ್ನೊಂದು ಹಳದಿ ಮುಗಿಯುವ ಗೆರೆಗೆ. ಹದಿನಾರು ಮಿಲಿಮೀಟರ್ ಹಳದಿ. ಬುಡದಲ್ಲಿ ಒಂದೇ ಒಂದು ಮಿಲಿಮೀಟರ್ ನಸುಗೆಂಪು. ಬೇರಿಂಗ್ ಅಳೆದ ಬಾಯಿಗೆ ಉಗುರು ಹೊಸದು. ಅದು ಒರಟಾಗಿತ್ತು, ಬೆಚ್ಚಗಿತ್ತು.

ಒಂದು ತಿಂಗಳ ನಂತರ ಮತ್ತೆ ಅಳೆದ. ಹದಿನಾರು.

ಎರಡನೆಯ ತಿಂಗಳು ಅಳೆದ. ಹದಿನಾರು.

ನನ್ನನ್ನು ಒರೆಸಿ, ಸೊನ್ನೆ ನೋಡಿ, ಮತ್ತೆ ಅಳೆದ. ನಾನು ಹದಿನಾರೇ ಹೇಳಿದೆ. ನನಗೆ ಬೇರೆ ಏನು ಹೇಳಲು ಬರುತ್ತದೆ? ಉಗುರು ಮೊದಲಿಗಿಂತ ಉದ್ದವಾಗಿ ಬೂಟಿನ ಮೂತಿಗೆ ಬಡಿಯುತ್ತಿತ್ತು, ಹೆಜ್ಜೆ ಇಟ್ಟಾಗಲೆಲ್ಲ ನೋವು. ಅವನು ಅದನ್ನು ಕತ್ತರಿಸಿರಲಿಲ್ಲ. ಹಳದಿ ಬಣ್ಣ ಗುಳಿಗೆಯಿಂದ ನಿಧಾನವಾಗಿ ತಿಳಿಯಾಗುತ್ತದೆ, ಕತ್ತರಿಸಿದರೆ ಅದು ಗೊತ್ತಾಗುವುದು ಹೇಗೆ ಎಂಬುದು ಅವನ ಲೆಕ್ಕ. ಉಳಿದ ಗುಳಿಗೆಗಳನ್ನು ಲೇಥಿನಿಂದ ಉದುರಿದ ಕಬ್ಬಿಣದ ಸುರುಳಿಗಳ ಡಬ್ಬಿಗೆ ಎಸೆದು, "ಡಾಕ್ಟರಂತ ಡಾಕ್ಟರು!" ಎಂದು ಲೇಥಿಗೆ ಒದ್ದ. ಅದೇ ಬೆರಳಿನಿಂದ.

ಎಂಟು ದಿನ ಹಾಗೇ ಕಳೆಯಿತು. ಒಂಬತ್ತನೆಯ ದಿನ ಅವನು ಇಕ್ಕಳ ಹಿಡಿದು, ಬೂಟು ಕಳಚಿ, ಉಗುರನ್ನು ಬುಡಸಮೇತ ಕಿತ್ತೇ ತೆಗೆಯಲು ಕೂತ. ಕುಂಟುವ ಹೆಜ್ಜೆಯ ಸದ್ದನ್ನು ವಾರದಿಂದ ಕೇಳುತ್ತಿದ್ದ ಮೌನೇಶಪ್ಪ ಸ್ಟೂಲಿನಿಂದ ಎದ್ದು ಬಂದ.

"ಏನ್ ಮಾಡಾಕ್ಹತ್ತೀಲೇ?"

"ಕೀಳ್ತೀನ್ರಿ ಮಾಸ್ತರ. ಎರಡು ತಿಂಗಳಾತು, ಕೂದಲೆಳೆಯಷ್ಟೂ ಕಡಿಮಿಲ್ಲ. ವರ್ನಿಯರ್ ಸುಳ್ಳು ಹೇಳೂದಿಲ್ಲ."

"ಎಲ್ಲಿಂದ ಅಳದಿ?"

"ತುದೀಲಿಂದ."

ಮೌನೇಶಪ್ಪ ನೆಲದ ಮೇಲೆ ಕೂತ. ಪೊರೆ ಬಂದ ಕಣ್ಣಿಗೆ ಆ ಕಾಲು ಮಸುಕಾಗಿ ಕಂಡಿರಬೇಕು. ಬೆರಳಿನಿಂದ ಉಗುರನ್ನು ಬುಡದಿಂದ ತುದಿಯವರೆಗೆ ಸವರಿದ. ತುದಿ ಬೆರಳನ್ನು ದಾಟಿ ಮುಂದೆ ಚಾಚಿತ್ತು.

"ಹುಚ್ಚ ಖೋಡಿ. ಕ್ರ್ಯಾಕ್ ಬಿದ್ದ ಕಾಸ್ಟಿಂಗು ಎಂದಾರ ತಾನ ಕೂಡೇತೇನು? ಕೆಟ್ಟದ್ದು ಚಲೋ ಆಗೂದಿಲ್ಲೋ, ಬುಡದಿಂದ ಹೊಸದು ಬಂದಂಗ ಮುಂದ ಸರದು ಹೊರಗ ಹೋಕ್ಕತಿ. ನೀ ರಿಜೆಕ್ಟ್ ಮಾಲ್ ಅಳಕೋತ ಕುಂತಿ. ಝೀರೋ ತಪ್ಪು ಹಿಡದಿ. ಬುಡದಾಗಿಡು ಅದನ್ನ."

ಯಮನೂರ ಇಕ್ಕಳ ಕೆಳಗಿಟ್ಟ. ನನ್ನ ಮೊನೆಯನ್ನು ಬುಡದ ಚರ್ಮಕ್ಕೆ ಇಟ್ಟ, ಇನ್ನೊಂದನ್ನು ನಸುಗೆಂಪು ಮುಗಿಯುವಲ್ಲಿಗೆ ಜಾರಿಸಿದ. ನನ್ನ ಗೆರೆಗಳನ್ನು ಬೆಳಕಿಗೆ ಹಿಡಿದ.

"ಎಷ್ಟು?" ಎಂದ ಮೌನೇಶಪ್ಪ.

"ಮೂರು ಪಾಯಿಂಟ್ ಆರು."

"ಮೊದಲೆಷ್ಟಿತ್ತು?"

"ಒಂದು."

"ಅಂದ್ರ ತಿಂಗಳಿಗೆ ಒಂದರ ಮ್ಯಾಲ ಚೂರು. ಪೂರಾ ಉಗುರು ಹದಿನೇಳು. ಈಗ ಹೇಳು, ಡಾಕ್ಟರು ಸುಳ್ಳು ಹೇಳಿದ್ಲೋ, ನೀ ಸುಳ್ಳು ಅಳದ್ಯೋ?"

ಆ ಸಂಜೆ ಬಿಸಿನೀರಿನಲ್ಲಿ ಕಾಲು ನೆನೆಸಿ, ಮುಂದೆ ಚಾಚಿದ್ದನ್ನು ಕತ್ತರಿಸಿದ. ನೋವು ಅರ್ಧ ಇಳಿಯಿತು. ಮರುದಿನ ಡಾಕ್ಟರಮ್ಮನ ಬಳಿ ಹೋಗಿ, ಒಂಬತ್ತು ದಿನ ಗುಳಿಗೆ ತಪ್ಪಿಸಿದ್ದನ್ನು ಹೇಳಿ ಬೈಸಿಕೊಂಡ. ತಪ್ಪಿಸಿದ್ದ ರಕ್ತಪರೀಕ್ಷೆಗೂ ಕೈ ಕೊಟ್ಟು, ಹೊಸ ಗುಳಿಗೆ ತಂದ.

ಅಂದಿನಿಂದ ಅವನ ಸಿಟ್ಟು ಹೋಯಿತು ಎಂದರೆ ಸುಳ್ಳಾದೀತು. ತಿಂಗಳಿಗೆ ಒಂದು ಬಾರಿ ನನ್ನನ್ನು ಹಿಡಿದಾಗ "ಇಷ್ಟನಾ?" ಎಂದು ಬೈಯುತ್ತಲೇ ಇದ್ದ. ಆದರೆ ತುದಿಯಿಂದ ಅಳೆಯುವುದನ್ನು ಬಿಟ್ಟ. ಗುಳಿಗೆ ಮುಗಿದವು. ಉಗುರು ತನ್ನ ಪಾಡಿಗೆ ಬರುತ್ತಿತ್ತು.

ಮಾಘ ಬಂತು. ಮದುವೆಯ ಬೆಳಿಗ್ಗೆ ಅಳೆದ: ಎಂಟು ಪಾಯಿಂಟ್ ಎರಡು. ಅರ್ಧಕ್ಕೆ ಕೂದಲೆಳೆ ಕಡಿಮೆ. ಗೆಳೆಯನೊಬ್ಬ ಉಗುರಿಗೆ ಬಣ್ಣ ಹಚ್ಚಿಬಿಡು ಎಂದ. ಯಮನೂರ ಬೇಡ ಎಂದ. ನನ್ನನ್ನು ಜುಬ್ಬಾದ ಜೇಬಿಗೆ ಹಾಕಿಕೊಂಡ. ಯಾಕೆಂದು ಅವನಿಗೇ ಗೊತ್ತಿತ್ತೋ ಇಲ್ಲವೋ.

ತಾಟು ಬಂತು. ಗುರುಶಾಂತಪ್ಪ ಕೂತು ಎಡಗಾಲು ತೊಳೆದ. ಬಲಗಾಲು ಹಿಡಿದ. ಹೆಬ್ಬೆರಳಿಗೆ ಬಂದಾಗ ಅವನ ಕೈ ನಿಂತಿತು. ಹಿಂದೆ ನಿಂತಿದ್ದ ಹೆಣ್ಣಿನ ಸೋದರಮಾವ ಬಗ್ಗಿ ನೋಡಿ, ಎಲ್ಲರಿಗೂ ಕೇಳುವಂತೆ ಅಂದ: "ಏನ್ ರೋಗರೀ ಇದು? ನಾ ಮೊದ್ಲ ಹೇಳಿದ್ದೆ, ಕಾರ್ಖಾನಿ ಹುಡುಗ ಬ್ಯಾಡಂತ."

ಜೇಬಿನೊಳಗೆ ಯಮನೂರನ ಎದೆ ಬಡಿಯುವುದು ನನ್ನ ಉಕ್ಕಿಗೆ ತಾಗುತ್ತಿತ್ತು. ಈಗ ಒದರುತ್ತಾನೆ ಎಂದು ನಾನು ಎಣಿಸಿದೆ. ಅವನು ಒದರಲಿಲ್ಲ. ನನ್ನನ್ನು ಹೊರಗೆ ತೆಗೆದ.

"ಮಾವಾರ, ಬೂಷ್ಟು ಹಿಡಿದಿತ್ರಿ. ಒದ್ದಿ ಬೂಟಿನಿಂದ ಬಂದದ್ದು. ಔಷಧ ಮುಗದೈತಿ. ಉಗುರು ಬರಾಕ ಟೈಮ್ ಬೇಕು." ನನ್ನ ಮೊನೆಯನ್ನು ಬುಡಕ್ಕಿಟ್ಟು, ಗೆರೆಗೆ ಜಾರಿಸಿ ತೋರಿಸಿದ. "ಇಲ್ಲಿತನಾ ಹೊಸದು. ಎಂಟು ಪಾಯಿಂಟ್ ಎರಡು. ಇನ್ನ ಎಂಟು ಪಾಯಿಂಟ್ ಎಂಟು ಬರಬೇಕು. ಮುಂದಿನ ಗಣಪತಿ ಹೊತ್ತಿಗೆ ಬರತೈತಿ. ಅದಕ್ಕ ಮೊದಲು ಬರೂದಿಲ್ಲ."

ಗುರುಶಾಂತಪ್ಪ ಗಿರಣಿಯ ಬೇರಿಂಗ್ ಬದಲಿಸಿ ಬಲ್ಲವನು. ನನ್ನ ಜಾತಿಯವರನ್ನು ನೋಡಿದ್ದ. ಕಣ್ಣು ಕಿರಿದು ಮಾಡಿ ಗೆರೆ ಓದಿದ.

"ಎಂಟು ಪಾಯಿಂಟ್ ಎರಡು ಹೌದು" ಎಂದ. ಹಿಂದೆ ತಿರುಗಿ, "ಭಾವಾ, ಲೆಕ್ಕ ಸರಿ ಐತಿ, ನೀರು ಹಾಕು" ಎಂದ. ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳಿನಂತೆಯೇ ತೊಳೆದ. ಪಕ್ಕದಲ್ಲಿ ಕೂತಿದ್ದ ಕಸ್ತೂರಿ ಸೆರಗಿನೊಳಗೆ ನಗುವನ್ನು ತಡೆಯಲಾರದೆ ಕೆಮ್ಮಿದಳು.

ನಾನು ಕಸ್ತೂರಿಯ ಕೈಗೆ ಬಂದದ್ದು ಹೀಗೆ. "ತರ್ರಿಲ್ಲಿ ಆ ಕೊಕ್ಕರಿ, ನಿಮಗ ಬಗ್ಗಿ ಅಳಿಯಾಕ ಬರೂದಿಲ್ಲ" ಎಂದು ತಿಂಗಳಿಗೊಮ್ಮೆ ಅವಳೇ ಅಳೆದು, ಕ್ಯಾಲೆಂಡರಿನಲ್ಲಿ ಅಮಾವಾಸ್ಯೆಯ ಪಕ್ಕ ಬರೆಯುತ್ತಿದ್ದಳು. ಒಂಬತ್ತು ಪಾಯಿಂಟ್ ನಾಲ್ಕು. ಹತ್ತು ಪಾಯಿಂಟ್ ಆರು. ಒಂದು ತಿಂಗಳು ಬರೀ ಪಾಯಿಂಟ್ ಒಂಬತ್ತು ಬೆಳೆಯಿತು. ಅವತ್ತು ಅವನು ಊಟ ಬಿಟ್ಟ. ಅವಳು ತಾನೊಬ್ಬಳೇ ಉಂಡಳು.

ಗಣಪತಿ ಹಬ್ಬಕ್ಕೆ ಗುರುಶಾಂತಪ್ಪ ಬಂದ. ಚಹಾ ಕುಡಿಯುವ ಮೊದಲೇ "ಎಲ್ಲಿ, ಕಾಲು" ಎಂದ. ಯಮನೂರ ಮುಖ ಸಣ್ಣ ಮಾಡಿದ.

"ಇನ್ನ ಪಾಯಿಂಟ್ ಎಂಟು ಉಳದೈತ್ರಿ. ಮಾತು ತಪ್ಪಿತು."

"ಪಾಯಿಂಟ್ ಎಂಟಕ್ಕ ನಾ ನವಲಗುಂದಕ್ಕ ವಾಪಸ್ ಹೋಗ್ಲೇನು? ಕಸ್ತೂರಿ, ತಂಬಗಿ ತಾ. ಅವತ್ತ ಅರ್ಧಾನ ತೊಳದೀನಿ."

ಹಿತ್ತಲ ಕಲ್ಲಿನ ಮೇಲೆ, ನೋಡಲು ಯಾರೂ ಇಲ್ಲದಾಗ, ಅವನು ಅಳಿಯನ ಹೆಬ್ಬೆರಳಿಗೆ ಇನ್ನೊಂದು ತಂಬಿಗೆ ನೀರು ಹಾಕಿದ. ಯಮನೂರ ಬೇಡ ಬೇಡ ಎನ್ನುತ್ತಲೇ ಕಾಲು ಮುಂದೆ ಚಾಚಿದ.

ಕೊನೆಯ ಹಳದಿ ಚೂರನ್ನು ದಸರೆಗೆ ಕತ್ತರಿಸಿದರು. ಹೊಸ ಉಗುರಿನ ಒಂದು ಬದಿಯಲ್ಲಿ ಸಣ್ಣ ಏಣು ಉಳಿದಿದೆ. ಅದು ಹೋಗಲಿಕ್ಕಿಲ್ಲ ಎಂದರು ಡಾಕ್ಟರಮ್ಮ. ಬೂಟು ಒದ್ದೆಯಾದರೆ ರೋಗ ಮರಳಿ ಬರಬಹುದು ಎಂದೂ ಎಚ್ಚರಿಸಿದರು. ತಗಡಿನ ಮೇಲೆ ಈಗಲೂ ಒಂದು ಜೊತೆ ಬೂಟು ಬಿಸಿಲು ಕಾಯುತ್ತದೆ. ಅದನ್ನು ನೋಡಿ ಇನ್ನೂ ನಾಲ್ವರು ತಮ್ಮವನ್ನು ಅಲ್ಲಿಡಲು ಶುರು ಮಾಡಿದ್ದಾರೆ. ಮಾಲೀಕನ ಬೂಟುಗಳು ಇವತ್ತಿಗೂ ಒಣಗಿಲ್ಲ.

ನಾನು ಕಳೆದ ಬೇಸಿಗೆಯಲ್ಲಿ ಲೇಥಿನ ಮೇಲಿಂದ ಬಿದ್ದೆ. ಒಂದು ದವಡೆ ಬಾಗಿತು. ಬಾಯಿ ಮುಚ್ಚಿದರೂ ನಡುವೆ ಬೆಳಕು ಕಾಣುತ್ತದೆ, ಸೊನ್ನೆ ಇಲ್ಲ. ತಪಾಸಣೆಯವರು ಇನ್ನು ಅಳತೆಗೆ ಬಾರದು ಎಂದು ಬೆನ್ನಿಗೆ ಕೆಂಪು ಬಣ್ಣ ಬಳಿದರು. ಯಮನೂರ ನನ್ನನ್ನು ಗುಜರಿಗೆ ಹಾಕಲಿಲ್ಲ. ಅಡುಗೆಮನೆಯ ಗೋಡೆಯಲ್ಲಿ, ಆ ಹಳೆಯ ಕ್ಯಾಲೆಂಡರಿನ ಪಕ್ಕ, ಮೊಳೆಗೆ ನೇತಾಡುತ್ತಿದ್ದೇನೆ. ಕೆಲಸವಿಲ್ಲ.

ಕೆಲಸವಿಲ್ಲದವನಿಗೆ ಯೋಚನೆ ಜಾಸ್ತಿ. ನಾನು ಅಳೆದ ತುಂಡುಗಳಿಗೆ ಎಣಿಕೆಯಿಲ್ಲ. ಲೇಥಿನ ಮೇಲೆ ಎಲ್ಲವೂ ಕಡಿಮೆಯಾಗುತ್ತಾ ಸರಿಯಾಗುತ್ತದೆ, ನಿಮಿಷಗಳಲ್ಲಿ. ಹೆಚ್ಚಾಗುತ್ತಾ ಸರಿಯಾದದ್ದನ್ನು ನಾನು ಕಂಡದ್ದು ಒಂದೇ. ಅದಕ್ಕೆ ಹದಿಮೂರು ತಿಂಗಳು ಹಿಡಿಯಿತು. ಯಾರ ಬೈಗುಳಕ್ಕೂ ಅದು ಒಂದು ದಿನ ಮುಂಚೆ ಬರಲಿಲ್ಲ.